ಅಪ್ಪನಾ, ಅಮ್ಮನಾ?

ಮಸ್ಕತ್‌ನ ರೂವಿಯಲ್ಲಿ ನಿಮ್ಮ ಪಕ್ಕದ ಮನೆಯ ಹುಡುಗಿ ಅಂದ್ಕೊಳ್ಳಿ. ಅಪ್ಪ ಇಲ್ಲಿ, ಅಮ್ಮ ಬೆಂಗಳೂರಲ್ಲಿ. ಮಗು ಯಾರ ಹತ್ತಿರ ಇರಬೇಕು ಅನ್ನೋ ಕೇಸು ಅಲ್ಲಿನ ಕುಟುಂಬ ನ್ಯಾಯಾಲಯದಲ್ಲಿ. ದೋಸೆ ತಿನ್ನೋಕೆ ಬಂದವಳನ್ನ 'ನಿಂಗೆ ಯಾರು ಬೇಕು ಪುಟ್ಟಿ?' ಅಂತ ಕೇಳಬಹುದಾ?

ನ್ಯಾಯಾಧೀಶರು ಕೇಳಬಹುದು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು. ಪರಿಗಣಿಸಬಹುದು, ಅಷ್ಟೇ; ತೀರ್ಪಿನ ಭಾರ ಕೋರ್ಟಿನದು. ನಾವು ಕೇಳಿದ್ರೆ ಆ ಭಾರ ಮಗುವಿನ ತಲೆಗೆ. ಅವಳ ಉತ್ತರ ಸಂಜೆಯೊಳಗೆ ಅಪ್ಪನ ಕಿವಿಗೋ ಅಮ್ಮನ ಕಿವಿಗೋ ಬೀಳುತ್ತೆ. (ನಮ್ಮವರ ವಾಟ್ಸ್ಯಾಪ್ ಗೊತ್ತಲ್ಲ!)

ಹಾಗಂತ ಸುಮ್ಮನಿರೋದೂ ಸರಿಯಲ್ಲ. ಬೆಂಗಳೂರು ನಮಗಿಂತ ಒಂದೂವರೆ ಗಂಟೆ ಮುಂದೆ. ಅಪ್ಪನಿಗೆ ಡ್ಯೂಟಿ ಮುಗಿಯೋದು ತಡವಾದ್ರೆ, ಅವರಿಗೆ ಹೇಳಿಯೇ, ಎಂಟು ಗಂಟೆಗೆ ಅಮ್ಮನಿಗೆ ಫೋನ್ ಹಚ್ಚಿಕೊಡಿ. ಆಮೇಲೆ ನೀವು ಅಡುಗೆಮನೆಗೆ ಹೋಗಿ, ಬಾಗಿಲು ಎಳ್ಕೊಳ್ಳಿ.