ಮೂರು ತಂತಿ ಇಳಿಸಿದ ಮೇಲೆ

ಈ ಮಳೆಗಾಲವಿಡೀ ಪುಣೆಯ ಬಾಡಿಗೆ ಮನೆಯಲ್ಲಿ ನನಗೆ ಒಂದೇ ಹುಚ್ಚು. ಆಫೀಸಿನಿಂದ ಬಂದವನೇ ಗಿಟಾರಿನ ಮೂರು ತಂತಿ ಇಳಿಸಿ, ರೋಲಿಂಗ್ ಸ್ಟೋನ್ಸ್ ತಂಡದ ‘ಬ್ರೌನ್ ಶುಗರ್’ ಹಾಡಿನ ರಿಫ್ ನುಡಿಸಲು ಕೂರುತ್ತಿದ್ದೆ. ಆಫೀಸಿನ ವಾರ್ಷಿಕ ಸಮಾರಂಭದಲ್ಲಿ ನಾವು ನಾಲ್ವರು ಅದನ್ನು ನುಡಿಸುವುದೆಂದು ತೀರ್ಮಾನವಾಗಿತ್ತು.

ಗಿಟಾರಿನ ಮಾಮೂಲಿ ಶ್ರುತಿ ಇ, ಎ, ಡಿ, ಜಿ, ಬಿ, ಇ. ಆರನೆಯ ತಂತಿಯನ್ನು ಡಿಗೆ, ಐದನೆಯದನ್ನು ಜಿಗೆ, ಒಂದನೆಯದನ್ನು ಡಿಗೆ ಇಳಿಸಿದರೆ ‘ಓಪನ್ ಜಿ’ ಆಗುತ್ತದೆ. ಕೀತ್ ರಿಚರ್ಡ್ಸ್ ಈ ಶ್ರುತಿಯಲ್ಲಿ ಆರನೆಯ ತಂತಿಯನ್ನೇ ತೆಗೆದುಹಾಕುತ್ತಾರೆ. ಉಳಿದ ಐದು ತಂತಿಗಳನ್ನು, ಜಿಯನ್ನು ಷಡ್ಜವೆಂದುಕೊಂಡು ಮೀಟಿ ನೋಡಿ: ಸ, ಪ, ಸ, ಗ, ಪ. ತಂಬೂರಿ ಕೇಳಿ ಬೆಳೆದ ಕಿವಿಗೆ ಅದು ಪರಕೀಯ ಅನ್ನಿಸುವುದೇ ಇಲ್ಲ. ತೋರುಬೆರಳನ್ನು ಐದನೆಯ ಫ್ರೆಟ್ ಮೇಲೆ ಅಡ್ಡ ಒತ್ತಿ, ನಡುಬೆರಳು, ಉಂಗುರಬೆರಳುಗಳನ್ನು ಇಟ್ಟು ತೆಗೆದರೆ ಸಾಕು, ಆ ಗತ್ತು ಬಂದುಬಿಡುತ್ತದೆ. ಮಾಮೂಲಿ ಶ್ರುತಿಯಲ್ಲಿ ಎಷ್ಟು ತಿಣುಕಿದರೂ ಅದು ಬರುವುದಿಲ್ಲ.

ಕೈ ಕೂತ ಮೇಲೆಯೇ ನಾನು ಹಾಡಿನ ಮಾತುಗಳನ್ನು ಗಮನವಿಟ್ಟು ಓದಿದ್ದು. ಆಫ್ರಿಕಾದಿಂದ ತಂದ ಗುಲಾಮರು, ನ್ಯೂ ಆರ್ಲಿಯನ್ಸ್‌ನ ಮಾರಾಟ, ನಡುರಾತ್ರಿ ಹೆಂಗಸರನ್ನು ಚಾವಟಿಯಿಂದ ಹೊಡೆಯುವ ಯಜಮಾನ. ಮೇಲೆ ಕುಣಿಯುವ ತಾಳ. 1969ರಲ್ಲಿ ಅಲಬಾಮಾದಲ್ಲಿ ಧ್ವನಿಮುದ್ರಣಗೊಂಡು 1971ರಲ್ಲಿ ಹೊರಬಂದ ಹಾಡಿದು. ಇಂಥದ್ದನ್ನು ಈಗ ಬರೆಯಲಾರೆ ಎಂದು ಮಿಕ್ ಜಾಗರ್ 1995ರಲ್ಲೇ ಹೇಳಿದ್ದರು. 2021ರ ಪ್ರವಾಸದಲ್ಲಿ ತಂಡ ಅದನ್ನು ಕೈಬಿಟ್ಟಿತು. ಅದು ಗುಲಾಮಗಿರಿಯ ಘೋರವನ್ನು ಹೇಳುವ ಹಾಡಲ್ಲವೇ ಎಂಬುದು ರಿಚರ್ಡ್ಸ್ ವಾದ. ಇರಬಹುದು. ಆದರೆ ಮೂರು ತಿಂಗಳು ಅದಕ್ಕೆ ಕಾಲು ಕುಣಿಸಿದ ನನಗೆ ಘೋರ ಯಾವುದೂ ಕಂಡಿರಲಿಲ್ಲ.

ತಂಡದ ಹುಡುಗ ಹೇಳಿದ: “ನಾವು ಹಾಡುವುದಿಲ್ಲವಲ್ಲ, ಬರೀ ನುಡಿಸುತ್ತೇವೆ. ಅರ್ಥ ಯಾರಿಗೆ ಬೇಕು?”

ಈ ಮಾತನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಹೇಳಿದ್ದವನು ನಾನೇ.

ಎರಡು ವರ್ಷದ ಹಿಂದೆ ಇದೇ ಮನೆಯಲ್ಲಿ ನಾವೊಂದಿಷ್ಟು ಕನ್ನಡಿಗರು ಊಟಕ್ಕೆ ಸೇರಿದ್ದೆವು. ಮಾತಿನ ಭರದಲ್ಲಿ ನಾನೊಂದು ಗಾದೆ ಬಿಟ್ಟೆ. ಅದರಲ್ಲೊಂದು ಜಾತಿಯ ಹೆಸರಿತ್ತು. ಎಲ್ಲರೂ ನಕ್ಕರು. ಕಲಬುರಗಿಯ ಗೆಳೆಯನೊಬ್ಬ ಮಾತ್ರ ತಟ್ಟೆ ತೊಳೆದಿಟ್ಟು ಹೊರಟುಹೋದ. ಮರುದಿನ ಫೋನ್ ಮಾಡಿದರೆ, “ಆ ಗಾದ್ಯಾಗ ಇರಾಂವ ನಮ್ಮಜ್ಜ ನೋಡಪಾ” ಅಂದ. “ಗಾದೆ ಅಲ್ವೇನೋ, ಪ್ರಾಸ ಚೆನ್ನಾಗಿದೆ ಅಂತ ಹೇಳಿದ್ದು, ಅರ್ಥ ಯಾರು ನೋಡ್ತಾರೆ?” ಅಂದಿದ್ದೆ. ಅವನು ಅದಕ್ಕೆ ಉತ್ತರ ಕೊಡಲಿಲ್ಲ.

ಅರ್ಥ ನೋಡದಿರುವುದು ಎಲ್ಲರ ಕೈಗೆಟಕುವ ಸುಖವಲ್ಲ. ಏಟು ಯಾರ ಬೆನ್ನಿನ ಮೇಲೆ ಬಿದ್ದಿದೆಯೋ ಅವರಿಗೆ ಪ್ರಾಸವನ್ನು ಅರ್ಥದಿಂದ ಸುಲಿದು ತಿನ್ನಲು ಬರುವುದಿಲ್ಲ. ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಮೋಹವೂ ಇದೆ. ಕನ್ನಡ ಇಲ್ಲಿ ಮನೆ ಮತ್ತು ಫೋನಿಗೆ ಸೀಮಿತವಾಗಿರುವುದರಿಂದ ಅಜ್ಜಿ ಆಡಿದ ಮಾತೆಲ್ಲ ಅಪರಂಜಿ ಅನ್ನಿಸಿಬಿಡುತ್ತದೆ. ಒರೆಗೆ ಹಚ್ಚುವುದಕ್ಕೆ ಮನಸ್ಸು ಬರುವುದಿಲ್ಲ.

ಹಾಗಾದರೆ ಆ ಶ್ರುತಿಯನ್ನೇ ಬಿಟ್ಟುಬಿಡಬೇಕೆ? ಇಲ್ಲಿ ನಾನು ಬಹಳ ದಿನ ಯೋಚಿಸಿದೆ. ಓಪನ್ ಜಿ ಸ್ಟೋನ್ಸ್ ತಂಡದ ಸ್ವತ್ತಲ್ಲ. ಸನ್ ಹೌಸ್, ರಾಬರ್ಟ್ ಜಾನ್ಸನ್ ಅವರಂಥ ಮಿಸಿಸಿಪಿಯ ಕಪ್ಪು ಕಲಾವಿದರು ಎಷ್ಟೋ ಮೊದಲೇ ಅದರಲ್ಲಿ ನುಡಿಸಿದ್ದಾರೆ. ಐದು ತಂತಿಯ ಬ್ಯಾಂಜೋದ ಜಿ ಶ್ರುತಿಯಲ್ಲೂ ಇವೇ ಸ್ವರಗಳಿವೆ. ಆ ಬ್ಯಾಂಜೋದ ಮೂಲ, ಗುಲಾಮರಾಗಿ ಬಂದ ಆಫ್ರಿಕನ್ನರು ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯ. ಅಂದರೆ ಚಾವಟಿಯ ಹಾಡು ನಡೆಯುವುದು ಚಾವಟಿ ತಿಂದವರಿಂದ ಬಂದ ಸ್ವರಗಳ ಮೇಲೆ. ಹಾಡಿನ ತಪ್ಪಿಗೆ ಶ್ರುತಿಯನ್ನು ದೂಡಿದರೆ ಅವರನ್ನು ಎರಡನೆಯ ಸಲ ಹೊರಗಟ್ಟಿದಂತೆ. ಆ ಗಾದೆ ಬಿಟ್ಟೆನೆಂದು ಕನ್ನಡವೇನೂ ನನ್ನ ಬಾಯಿಂದ ಹೋಗಲಿಲ್ಲವಲ್ಲ, ಇದೂ ಹಾಗೆಯೇ.

ನನಗೆ ಸಿಕ್ಕ ಅಳತೆಗೋಲು ಇಷ್ಟೇ: ಹಾಡು ಯಾರ ಕುರಿತದ್ದೋ ಅವರು ಮುಂದಿನ ಸಾಲಿನಲ್ಲಿ ಕೂತಿದ್ದರೆ, ಇದೇ ನಗುಮುಖ ಇಟ್ಟುಕೊಂಡು ನುಡಿಸಬಲ್ಲೆನೇ? ಆಗದು ಎಂದಾದರೆ, ಅವರು ಇಲ್ಲ ಎಂಬುದು ಅನುಮತಿಯಾಗುವುದಿಲ್ಲ. ಪುಣೆಯ ಆಫೀಸಿನಲ್ಲಿ ಅವರು ಇರಲಾರರು ಎಂಬ ಧೈರ್ಯದ ಮೇಲೆಯೇ ನಮ್ಮ ಯೋಜನೆ ನಿಂತಿತ್ತು. ಆ ರಾತ್ರಿ ಊಟದ ಮನೆಯಲ್ಲೂ ನಾನು ಹಾಗೆಯೇ ಅಂದುಕೊಂಡಿದ್ದೆ.

ತಂಡಕ್ಕೆ ಬೇಡವೆಂದೆ. ಸ್ವಲ್ಪ ಮುನಿಸಾಯಿತು, ಬೇರೆ ಹಾಡು ಹಿಡಿದೆವು. ಗೆಳೆಯನಿಗೆ ಫೋನ್ ಮಾಡಿ, ಎರಡು ವರ್ಷ ತಡವಾಗಿ, ತಪ್ಪಾಯಿತು ಎಂದೆ. “ಯಾವ ಗಾದಿ?” ಅಂದ. ನಿಜಕ್ಕೂ ಮರೆತಿದ್ದನೋ, ನನ್ನ ಬಾಯಲ್ಲಿ ಮತ್ತೆ ಕೇಳುವುದು ಬೇಡವಾಗಿತ್ತೋ ತಿಳಿಯಲಿಲ್ಲ. ನಾನು ಅದನ್ನು ಮತ್ತೆ ಹೇಳಲಿಲ್ಲ.

ಗಿಟಾರು ಈಗಲೂ ಓಪನ್ ಜಿಯಲ್ಲೇ ಇದೆ. ಸ, ಪ, ಸ, ಗ, ಪ ಮೀಟುತ್ತಾ ಏನಾದರೂ ಹುಡುಕುತ್ತಿರುತ್ತೇನೆ. ಒಮ್ಮೊಮ್ಮೆ ಬೆರಳು ತಾನಾಗಿಯೇ ಐದನೆಯ ಫ್ರೆಟ್ಟಿಗೆ ಹೋಗುತ್ತದೆ. ಒಬ್ಬನೇ ಇರುವಾಗ ಅದು ತಪ್ಪೋ ಅಲ್ಲವೋ, ಇನ್ನೂ ತೀರ್ಮಾನವಾಗಿಲ್ಲ.