ಬಿಡ್ತು ಅನ್ನೋಣ, ಆದರೂ ಕಲಿಸೋಣ

ನಮ್ಮ ಮನೆಗಳಲ್ಲಿ ಯಾರಾದರೂ "ನಾವಿಲ್ಲದಿದ್ದಾಗ ಈ ಮಕ್ಕಳ ಗತಿ ಏನು?" ಎಂದು ಬಾಯಿ ತೆರೆದರೆ ಸಾಕು, ಹಿರಿಯರು ತಟ್ಟನೆ "ಬಿಡ್ತು ಅನ್ನು" ಎನ್ನುತ್ತಾರೆ. ಕೆಟ್ಟದ್ದನ್ನು ಆಡಿದರೆ ಅದು ನಿಜವಾಗಿಬಿಟ್ಟೀತು ಎಂಬ ಅಳುಕು. ಅದರ ಹಿಂದಿರುವುದು ಪ್ರೀತಿಯೇ, ಸಂಶಯವಿಲ್ಲ. ಆದರೆ ಆ ಒಂದು ಮಾತಿಗೆ, ಮುಂದೆ ಆಡಲೇಬೇಕಾಗಿದ್ದ ಹತ್ತು ಮಾತುಗಳು ಅಲ್ಲಿಗೇ ನಿಂತುಹೋಗುತ್ತವೆ.

ಮಕ್ಕಳಿಗೆ ನಾವು ಏನೆಲ್ಲ ಕಲಿಸುತ್ತಿದ್ದೇವೆ! ಶನಿವಾರ ಸಂಗೀತ, ಭಾನುವಾರ ಕನ್ನಡ ತರಗತಿ, ನಡುವೆ ಭರತನಾಟ್ಯ, ಚೆಸ್, ಗಣಿತ, ಸ್ಪೆಲಿಂಗ್ ಬೀ. ಎಲ್ಲವೂ ಬೇಕಾದವೇ. ಆದರೆ ಇವೆಲ್ಲ ನಾವು ಕಾರಿನಲ್ಲಿ ಕರೆದೊಯ್ದು, ಬಾಗಿಲಲ್ಲಿ ಕಾದು, ಮರಳಿ ಕರೆತಂದರೆ ಮಾತ್ರ ನಡೆಯುವ ವಿದ್ಯೆಗಳು. ನಾವು ಪಕ್ಕದಲ್ಲಿಲ್ಲದ ಒಂದು ಗಂಟೆಯನ್ನು ಮಗು ಹೇಗೆ ನಿಭಾಯಿಸೀತು ಎಂಬ ಪಾಠ ನಮ್ಮ ವೇಳಾಪಟ್ಟಿಯಲ್ಲಿ ಇಲ್ಲ. ಇದು ಬರಿಯ ಜಾಣತನದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆಯೂ ಹೌದು. ನಮ್ಮನ್ನು ಬಿಟ್ಟು ಬದುಕುವುದನ್ನು ನಮ್ಮ ಕೈಯಾರೆ ಕಲಿಸುವುದು ಪ್ರೀತಿಯೇ? ಅಥವಾ ನಾವು ಹೊರಬೇಕಾದ ಹೊರೆಯನ್ನು ಎಳೆಯ ತಲೆಗೆ ದಾಟಿಸುವುದೇ?

ಊರಿನಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಒಣ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಾವಿಗೆ ಧುಮುಕಿ ಈಜು ಕಲಿತವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಮಲೆನಾಡಿನವರಾದರೆ ಮಳೆಗಾಲದಲ್ಲಿ ಕಾಲುಸಂಕ ದಾಟುವುದು, ಹಸಿ ಸೌದೆಯಲ್ಲಿ ಬಚ್ಚಲೊಲೆ ಹೊತ್ತಿಸುವುದು, ಹಾವು ಕಂಡರೆ ಅಲುಗದೆ ನಿಲ್ಲುವುದು, ಇವನ್ನೆಲ್ಲ ಅಣ್ಣಂದಿರ, ಸೋದರಮಾವಂದಿರ ಹಿಂದೆ ತಿರುಗುತ್ತ ಕಲಿತರು. ಹಳೆಯ ಕಾಲವನ್ನು ಹೊಗಳುವ ಉದ್ದೇಶ ನಮ್ಮದಲ್ಲ. ಅದೇ ಬಾವಿಗಳಲ್ಲಿ ಮುಳುಗಿದ ಮಕ್ಕಳೂ ಇದ್ದರು. ಆದರೆ ಆ ವಿದ್ಯೆ ನಮ್ಮ ಸೂಟ್‌ಕೇಸಿನಲ್ಲಿ ಇಲ್ಲಿಗೆ ಬರಲಿಲ್ಲ. ಬಂದಿದ್ದರೂ ಹೆಚ್ಚು ಉಪಯೋಗವಾಗುತ್ತಿರಲಿಲ್ಲ. ಹೆಪ್ಪುಗಟ್ಟಿದಂತೆ ಕಾಣುವ ಕೆರೆ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್, ಅರ್ಧ ಗಂಟೆಯಲ್ಲಿ ದಾರಿಯನ್ನೆಲ್ಲ ಮುಚ್ಚಿಬಿಡುವ ಹಿಮ, ಇವುಗಳ ವಿಷಯದಲ್ಲಿ ಮಕ್ಕಳಂತೆ ನಾವೂ ಹೊಸಬರೇ.

ಒಂದು ಸಾಮಾನ್ಯ ಸನ್ನಿವೇಶವನ್ನು ನೋಡೋಣ. ಬೇಸಿಗೆಗೆ ಊರಿನಿಂದ ಅಜ್ಜಿ ಬಂದಿರುತ್ತಾರೆ. ಏಳು ವರ್ಷದ ಮೊಮ್ಮಗಳನ್ನು ಅವರ ಬಳಿ ಬಿಟ್ಟು ನಾವು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತೇವೆ. ಮಧ್ಯಾಹ್ನ ಅಜ್ಜಿಗೆ ಎದೆನೋವು ಬಂದರೆ ಆ ಮನೆಯಲ್ಲಿ ಇಂಗ್ಲಿಷ್ ಮಾತಾಡಬಲ್ಲವಳು ಆ ಹುಡುಗಿ ಒಬ್ಬಳೇ. ಅಂದರೆ ಯಾರು ಯಾರ ಸುಪರ್ದಿನಲ್ಲಿ ಇದ್ದಾರೆ? 1968ರ ಫೆಬ್ರವರಿ 16ರಂದು ಅಲಬಾಮ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ ಮೊದಲ 911 ಕರೆ ಹೋಯಿತು. ಇಂದು ಆ ಮೂರು ಅಂಕಿಗಳನ್ನು ಅರಿಯದ ಮಗುವಿಲ್ಲ. ಆದರೆ ಬೀಗ ಹಾಕಿದ ಸೆಲ್ ಫೋನಿನಿಂದಲೂ ತುರ್ತು ಕರೆ ಮಾಡಬಹುದೆಂದು ಅವಳಿಗೆ ಗೊತ್ತೆ? ಸೆಲ್ ಫೋನಿನ ಕರೆಯಿಂದ ಅಪಾರ್ಟ್‌ಮೆಂಟಿನ ನಂಬರು ಅವರಿಗೆ ತಿಳಿಯದೆ ಹೋಗಬಹುದು. ಮನೆಯ ವಿಳಾಸ ಅವಳಿಗೆ ಬಾಯಿಗೆ ಬರುತ್ತದೆಯೆ? ಅಪ್ಪನ ಹೆಸರೇನು ಎಂದು ಕೇಳಿದರೆ "ಅಪ್ಪ" ಎನ್ನದೆ, ನಮ್ಮ ಉದ್ದುದ್ದ ಹೆಸರಿನ ಕಾಗುಣಿತವನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರವಾಗಿ ಹೇಳಬಲ್ಲಳೆ? ಸ್ಪೆಲಿಂಗ್ ಬೀಗೆ ಮೊದಲು ಕಲಿಯಬೇಕಾದ ಸ್ಪೆಲಿಂಗ್ ಅದು.

ಇಷ್ಟಾದರೆ ಸಾಕೆ? ಸಾಲದು ಎಂಬುದಕ್ಕೆ ಈ ದೇಶದ್ದೇ ಒಂದು ದುಃಖದ ಕಥೆಯಿದೆ. 1981ರ ಫೆಬ್ರವರಿಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಪಾಲೋಮಾರ್ ಬೆಟ್ಟದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ದಾರಿ ತಪ್ಪಿದ. ದೊಡ್ಡ ಹುಡುಕಾಟವೇ ನಡೆಯಿತು. ಸಿಕ್ಕುವ ಹೊತ್ತಿಗೆ ಚಳಿಯಲ್ಲಿ ಅವನ ಪ್ರಾಣ ಹೋಗಿತ್ತು. ಹುಡುಕಲು ಹೋದವರು ಆ ನೋವಿನಲ್ಲಿ ಮಕ್ಕಳಿಗಾಗಿ ಒಂದು ಪಾಠ ರೂಪಿಸಿದರು. ಅದರ ಹೆಸರು 'ಹಗ್ ಎ ಟ್ರೀ', ಅಂದರೆ ಮರವನ್ನು ತಬ್ಬಿಕೋ. ದಾರಿ ತಪ್ಪಿತೆಂದು ತಿಳಿದ ಕೂಡಲೆ ಅಲ್ಲಿಯೇ ನಿಲ್ಲು, ಒಂದು ಮರವನ್ನು ಗೆಳೆಯನನ್ನಾಗಿ ಮಾಡಿಕೋ, ಸೀಟಿ ಊದು, ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಮೈಗೆ ಹೊದ್ದುಕೋ, ಕಾಣುವ ಹಾಗೆ ಇರು. ಎಲ್ಲವೂ ಸರಳ. ಅದರಲ್ಲೇ ಇನ್ನೊಂದು ಮಾತೂ ಇದೆ: ನಿನ್ನ ಮೇಲೆ ಯಾರೂ ಸಿಟ್ಟಾಗುವುದಿಲ್ಲ.

ಬದುಕುಳಿಯುವ ಪಾಠದಲ್ಲಿ ಈ ಮಾತಿಗೇನು ಕೆಲಸ? ಕಾರಣವಿದೆ. ದಾರಿ ತಪ್ಪಿದ ಮಕ್ಕಳು ಹೆಸರು ಹಿಡಿದು ಕೂಗಿದರೂ ಓಗೊಡದೆ ಅವಿತುಕೊಳ್ಳುವುದುಂಟು. ಕೂಗುವವರು ಅಪರಿಚಿತರು ಎಂಬ ಭಯ ಒಂದು, ಮನೆಗೆ ಹೋದರೆ ಬೈಗುಳ ಕಾದಿದೆ ಎಂಬ ಭಯ ಇನ್ನೊಂದು. ಎರಡನ್ನೂ ಕಲಿಸಿದವರು ನಾವೇ. "ಇವತ್ತು ಅಪ್ಪ ಬರಲಿ, ಮಾಡಿಸ್ತೀನಿ" ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲೀಸು! ಅನ್ನ ಚೆಲ್ಲಿದ್ದಕ್ಕೆ ಹೇಳಿದ ಆ ಮಾತನ್ನು ಮಗು ಕಾಡಿನಲ್ಲಿ ಕತ್ತಲಾದಾಗಲೂ ನೆನೆದುಕೊಳ್ಳುತ್ತದೆ. ಹಾಗಾಗಿ ಸೀಟಿ ಕೊಡಿಸುವ ಮೊದಲು ಕೊಡಬೇಕಾದದ್ದು ಈ ಭರವಸೆ. ಏನೇ ಆಗಿರಲಿ, ಯಾರದೇ ತಪ್ಪಿರಲಿ, ಮೊದಲು ನಮ್ಮನ್ನು ಕೂಗು, ಮಿಕ್ಕಿದ್ದು ಆಮೇಲೆ.

ಇನ್ನೂ ಕಷ್ಟದ ಪಾಠವೊಂದು ಜಪಾನಿನಲ್ಲಿದೆ. ಅಲ್ಲಿಯ ಈಶಾನ್ಯದ ಸಾನ್ರಿಕು ಕರಾವಳಿಯಲ್ಲಿ 1896ರ ತ್ಸುನಾಮಿಗೆ ಸುಮಾರು 22,000 ಜನ ಬಲಿಯಾದರು. ಮಕ್ಕಳಿಗಾಗಿ ಹಿಂದಿರುಗಿದ ತಾಯಂದಿರು, ಮುದುಕರಿಗಾಗಿ ಕಾದು ನಿಂತ ಮಕ್ಕಳು, ಹೀಗೆ ಮನೆಮನೆಗಳೇ ಕೊಚ್ಚಿಹೋದವು. ಆ ಕರಾವಳಿಯವರ ಬಾಯಲ್ಲಿ 'ತೆಂದೆಂಕೊ' ಎಂಬ ಮಾತಿದೆ: ಅವರವರು ಅವರವರಷ್ಟಕ್ಕೆ. ಅಲೆ ಬಂದರೆ ತಂದೆತಾಯಿಗಳಿಗೂ ಕಾಯದೆ ಎತ್ತರದ ಕಡೆಗೆ ಓಡು ಎಂದರ್ಥ. ನಮ್ಮ ಕಿವಿಗೆ ಇದು ಎಷ್ಟು ಕಠೋರ! ತಾಯಿಯನ್ನು ಬಿಟ್ಟು ಓಡು ಎಂದು ಕಲಿಸುವುದು ಯಾವ ಸಂಸ್ಕಾರ?

ಆದರೆ 2011ರ ಮಾರ್ಚ್ 11ರಂದು ಅದೇ ಕರಾವಳಿಯ ಕಾಮಾಯಿಶಿ ಪಟ್ಟಣದಲ್ಲಿ ನಡೆದದ್ದನ್ನು ನೋಡಿ. ಅಲ್ಲಿಯ ಶಾಲೆಗಳ ಸುಮಾರು 3,000 ಮಕ್ಕಳಲ್ಲಿ ಬೆರಳೆಣಿಕೆಯಷ್ಟು ಮಂದಿಯನ್ನು ಬಿಟ್ಟು ಎಲ್ಲರೂ ಉಳಿದರು. ಅವರಿಗೆ ಹಲವು ವರ್ಷ ಪಾಠ ಹೇಳಿದ್ದ ಗುಮ್ಮಾ ವಿಶ್ವವಿದ್ಯಾಲಯದ ಪ್ರೊಫೆಸರ್ ತೋಷಿತಾಕ ಕತಾದ, ಮಕ್ಕಳಿಗೆ ಓಡುವುದನ್ನಷ್ಟೇ ಕಲಿಸಲಿಲ್ಲ. ಮನೆಗೆ ಹೋಗಿ "ನಾನು ಖಂಡಿತ ಓಡುತ್ತೇನೆ, ನನ್ನನ್ನು ಕರೆಯಲು ಬರಬೇಡಿ, ನೀವೂ ಓಡಿ" ಎಂದು ತಂದೆತಾಯಿಗಳಿಗೆ ಹೇಳಿ ಒಪ್ಪಿಸುವಂತೆ ಅವರಿಗೆ ತಿಳಿಸಿದ್ದರು. ಮಗು ಓಡಿರುತ್ತದೆ ಎಂಬ ನಂಬಿಕೆ ತಾಯಿಗೆ, ತಾಯಿ ಓಡಿರುತ್ತಾಳೆ ಎಂಬ ನಂಬಿಕೆ ಮಗುವಿಗೆ. ಆ ನಂಬಿಕೆಯಿಲ್ಲದಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತ ಅಲೆಗೆ ಸಿಗುತ್ತಾರೆ. ಅಂದು ಓಡಿದ ದೊಡ್ಡ ಮಕ್ಕಳು ಪಕ್ಕದ ಶಾಲೆಯ ಚಿಕ್ಕವರ ಕೈಹಿಡಿದುಕೊಂಡೇ ಬೆಟ್ಟ ಹತ್ತಿದರು ಎಂಬುದನ್ನೂ ಮರೆಯಬಾರದು. ತನ್ನನ್ನು ತಾನು ಉಳಿಸಿಕೊಳ್ಳಬಲ್ಲವನ ಕೈ ಇನ್ನೊಬ್ಬರನ್ನು ಹಿಡಿಯಲು ಬಿಡುವಾಗಿರುತ್ತದೆ.

"ಇದೆಲ್ಲ ಇಲ್ಲಿಯ ಗಾಳಿ; ಹದಿನೆಂಟು ತುಂಬಿದೊಡನೆ ನಿನ್ನ ದಾರಿ ನಿನಗೆ ಎನ್ನುವವರ ನೀತಿ" ಎಂದು ಕೆಲವರು ಆಕ್ಷೇಪಿಸಬಹುದು. ಅಲ್ಲ ಎನ್ನುತ್ತೇವೆ. 2023ರ ಮೇ 1ರಂದು ಕೊಲಂಬಿಯದ ಅಮೆಜಾನ್ ಕಾಡಿನಲ್ಲಿ ಸಣ್ಣ ವಿಮಾನವೊಂದು ಬಿದ್ದು ತಾಯಿಯೂ ಸೇರಿ ದೊಡ್ಡವರೆಲ್ಲ ತೀರಿಕೊಂಡರು. ಉಳಿದ ನಾಲ್ವರು ಮಕ್ಕಳಲ್ಲಿ ದೊಡ್ಡವಳಿಗೆ 13 ವರ್ಷ, ಕಿರಿಯ ಕೂಸಿಗೆ ಒಂದು ವರ್ಷವೂ ತುಂಬಿರಲಿಲ್ಲ. ಮರಗೆಣಸಿನ ಹಿಟ್ಟು, ಕಾಡಿನ ಹಣ್ಣುಗಳನ್ನು ತಿಂದು ಅವರು ನಲವತ್ತು ದಿನ ಬದುಕಿದರು. ಜೂನ್ 9ರಂದು ಸಿಕ್ಕಿದರು. ಯಾವ ಹಣ್ಣು ತಿನ್ನಬಹುದು ಎಂಬುದನ್ನು ಆ ಹುಡುಗಿ ಕಲಿತದ್ದು ಅಜ್ಜಿಯಿಂದ. ಹುಡುಕುವವರು ಹೆಲಿಕಾಪ್ಟರಿನಿಂದ ಕಾಡಿಗೆ ಕೇಳಿಸಿದ್ದೂ ಅಜ್ಜಿಯ ದನಿಯನ್ನೇ, ಅವರ ಹುಯಿತೋತೊ ಭಾಷೆಯಲ್ಲಿ: ಇದ್ದಲ್ಲೇ ಇರಿ, ನಿಮ್ಮನ್ನು ಹುಡುಕುತ್ತಿದ್ದೇವೆ. ಆ ಸ್ವಾವಲಂಬನೆ ಮನೆತನದ ಆಸ್ತಿಯಾಗಿತ್ತು. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಎಳೆಯ ಮನಸ್ಸಿಗೆ ಭಯ ತುಂಬುವುದೇಕೆ?" ಎಂಬ ಮಾತು ಇನ್ನೊಂದು. ಶಾಲೆಗಳಲ್ಲಿ ಬೆಂಕಿಯ ಕವಾಯತು ಆಗಾಗ ನಡೆಯುತ್ತದೆ. ಮಕ್ಕಳು ನಗುನಗುತ್ತಲೇ ಸಾಲಿನಲ್ಲಿ ಹೊರಬರುತ್ತಾರೆ. ಏನು ಮಾಡಬೇಕೆಂದು ತಿಳಿದ ಮಗುವಿಗೆ ಭಯ ಕಡಿಮೆ. ನಿಜವಾಗಿ ಅಂಜುವವರು ನಾವು. ಮಗು ತಾನೇ ಚಾಕು ಹಿಡಿದು ಸೌತೆಕಾಯಿ ಹೆಚ್ಚುವಾಗ, ಮೊದಲ ಸಲ ಒಬ್ಬನೇ ಬೀದಿ ದಾಟುವಾಗ, ಕೈ ಕಟ್ಟಿ ನಿಂತು ನೋಡುವುದೇ ಈ ಶಿಕ್ಷಣದ ಅತ್ಯಂತ ಕಠಿಣ ಭಾಗ, ಮತ್ತು ಆ ಪರೀಕ್ಷೆ ನಮಗೆ. ಕಲಿಸುವುದೆಂದರೆ ಕೈಬಿಡುವುದಲ್ಲ. ನಮ್ಮ ತೋಳು ತಲುಪದ ಕಡೆಗೂ ನಮ್ಮ ಆರೈಕೆ ತಲುಪಲಿ ಎಂದು ಮಾಡುವ ಏರ್ಪಾಟು ಅದು. ಹೊರೆ ದಾಟಿಸುವುದೇ ಎಂಬ ಮೊದಲಿನ ಪ್ರಶ್ನೆಗೆ ನಮಗೆ ತೋಚುವ ಉತ್ತರ ಇದು.

ಆದ್ದರಿಂದ ನಮ್ಮದೊಂದು ಸಲಹೆ. ಬರುವ ಬೇಸಿಗೆಯ ವನಭೋಜನದಲ್ಲಿ, ಬಿಸಿಬೇಳೆಬಾತಿಗೂ ಅಂತ್ಯಾಕ್ಷರಿಗೂ ನಡುವೆ ಅರ್ಧ ಗಂಟೆಯನ್ನು ಮಕ್ಕಳಿಗಾಗಿ ಇಡೋಣ. ಪ್ರತಿ ಮಗುವಿಗೂ ಒಂದು ಸೀಟಿ. ಮನೆಯ ವಿಳಾಸವನ್ನು, ಒಂದು ಫೋನ್ ನಂಬರನ್ನು ಹಾಡಿನಂತೆ ಬಾಯಿಪಾಠ ಮಾಡಿಸುವುದು. ಹೊಗೆ ತುಂಬಿದರೆ ನೆಲಕ್ಕೆ ತಗ್ಗಿ ತೆವಳುವುದು, ದಾರಿ ತಪ್ಪಿದರೆ ಮರದ ಬಳಿ ನಿಲ್ಲುವುದು. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸಲಿ. ಊರಿನಿಂದ ಬಂದ ಅಜ್ಜ ಅಜ್ಜಿಯರೂ ಜೊತೆಗೆ ಕೂರಲಿ. 911 ಅವರಿಗೂ ಬೇಕು. ಕೊನೆಗೆ ತಂದೆತಾಯಿಗಳು ಎದ್ದು ನಿಂತು ಮಕ್ಕಳೆದುರು ಒಂದು ಮಾತು ಕೊಡಬೇಕು: ಕಷ್ಟದಲ್ಲಿ ಕರೆದರೆ ಬೈಯುವುದಿಲ್ಲ.

ನಡುವೆ ಹಿರಿಯರು ಯಾರಾದರೂ "ಬಿಡ್ತು ಅನ್ನಿ" ಎಂದರೆ, ಎಲ್ಲರೂ ಒಟ್ಟಿಗೆ ಬಿಡ್ತು ಅನ್ನೋಣ. ಆಮೇಲೆ ಪಾಠ ಮುಂದುವರಿಸೋಣ.