ಇಪ್ಪತ್ತು ಮಿಲಿಗ್ರಾಂ

ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ನನ್ನ ಬೆಳಗಿನ ಕೆಲಸ ಶುರುವಾಗುವುದು ಯಾರೋ ದಾನ ಮಾಡಿದ ರಕ್ತದಿಂದ. ಚೀಲದ ಮೇಲೆ ಸಂಖ್ಯೆ ಇರುತ್ತದೆ, ಹೆಸರು ಇರುವುದಿಲ್ಲ. ಆ ರಕ್ತವನ್ನು ತೆಳುವಾಗಿಸಿ, ಕೊಳವೆಯೊಳಗಿನ ಫೈಕಾಲ್ ದ್ರವದ ಮೇಲೆ ಕಲಕದಂತೆ ಇಳಿಸಿ, ಯಂತ್ರದಲ್ಲಿ ತಿರುಗಿಸುತ್ತೇವೆ. ಅರ್ಧ ಗಂಟೆಗೆಲ್ಲ ತಳದಲ್ಲಿ ಕೆಂಪು, ಮೇಲೆ ಹಳದಿ, ನಡುವೆ ಅಕ್ಕಿ ತೊಳೆದ ನೀರಿನ ಬಣ್ಣದ ತೆಳು ಉಂಗುರ. ಟಿ ಕೋಶಗಳು ಇರುವುದು ಆ ಉಂಗುರದಲ್ಲಿ. ಅದನ್ನು ಪಿಪೆಟ್‌ಗೆ ಎಳೆದುಕೊಳ್ಳುವಾಗ ನಾನು ಯಾರೊಡನೆಯೂ ಮಾತಾಡುವುದಿಲ್ಲ.

ಕ್ಯಾನ್ಸರನ್ನು ಗುರುತಿಸಿ ಕೊಲ್ಲುವ ಶಕ್ತಿ ಈ ಕೋಶಗಳಿಗಿದೆ. ಅವು ನಮ್ಮದೇ ಅಂಗಗಳ ಮೇಲೆ ತಿರುಗಿ ಬೀಳದಂತೆ ದೇಹವೇ ಅವಕ್ಕೆ ಕೆಲವು ತಡೆಗಳನ್ನೂ ಇಟ್ಟಿದೆ. ಗಡ್ಡೆ ಬಳಸಿಕೊಳ್ಳುವುದು ಆ ತಡೆಗಳನ್ನೇ. ಪಿಡಿ-1 ಎಂಬ ತಡೆಯನ್ನು 1992ರಲ್ಲಿ ಕಂಡುಕೊಂಡದ್ದು ಕ್ಯೋಟೊದ ತಸುಕು ಹೊಂಜೊ ಅವರ ತಂಡ. ಅದನ್ನು ಮುಚ್ಚಿಬಿಡುವ ನಿವೊಲುಮಾಬ್ ಎಂಬ ಪ್ರತಿಕಾಯ 2014ರಲ್ಲಿ ಜಪಾನಿನಲ್ಲಿ ಔಷಧವಾಗಿ ಬಂತು. ಈ ಔಷಧ ಗಡ್ಡೆಯನ್ನು ತಾನು ಕೊಲ್ಲುವುದಿಲ್ಲ, ಕಟ್ಟಿಹಾಕಿದ್ದ ಕೋಶವನ್ನು ಬಿಡಿಸುತ್ತದೆ, ಅಷ್ಟೇ. ಇಷ್ಟು ವರ್ಷವಾದರೂ ಈ ವಿಷಯ ನನ್ನಲ್ಲಿ ಹುಟ್ಟಿಸುವ ಬೆರಗು ಕಡಿಮೆಯಾಗಿಲ್ಲ.

ಹೊರಗಿನವರು ಬಂದು ದುಡಿಯುವುದು ಬಾಸೆಲ್‌ಗೆ ಹಳೆಯ ಸಂಗತಿ. ಅಮೆರಿಕದ ವೀಸಾ ಮುಗಿದ ಜಪಾನಿನ ವಿಜ್ಞಾನಿ ಸುಸುಮು ತೊನೆಗಾವ 1971ರಲ್ಲಿ ಇಲ್ಲಿಗೆ ಬಂದು, ಪ್ರತಿಕಾಯಗಳಲ್ಲಿ ಅಷ್ಟೊಂದು ಬಗೆ ಹೇಗೆ ಹುಟ್ಟುತ್ತದೆ ಎಂಬುದನ್ನು ಬಿಡಿಸಿದರು. ಹಾಗಾಗಿ ಪರದೇಶದಲ್ಲಿ ಕೆಲಸ ಮಾಡುವುದರ ಬಗ್ಗೆ ನನಗೆ ಅಳುಕಿಲ್ಲ. ಕಾಡುವುದು ಬೇರೆ. ನಾನು ಅಡಿಕೆ ಸೀಮೆಯವ. ಕವಳ ಹಾಕಿ ಹಾಕಿ ಬಾಯಿ ಎರಡು ಬೆರಳಿನಷ್ಟೂ ತೆರೆಯದೆ ಗಂಜಿ ಹೀರುವವರನ್ನು, ಮುಖಕ್ಕೆ ಟವೆಲ್ ಸುತ್ತಿಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟವರನ್ನು ನೋಡುತ್ತ ಬೆಳೆದವ. ನಮ್ಮಂಥ ದೇಶಗಳಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿಗೆ ಈ ದುಬಾರಿ ಚಿಕಿತ್ಸೆ ಎಟಕುವುದು ನೂರರಲ್ಲಿ ಒಬ್ಬರಿಂದ ಮೂವರಿಗೆ ಎಂದು ಮುಂಬೈನ ಟಾಟಾ ಸ್ಮಾರಕ ಕೇಂದ್ರದ ವೈದ್ಯರು ಬರೆದಿದ್ದಾರೆ.

ಅವರು ಬರೆದು ಸುಮ್ಮನಾಗಲಿಲ್ಲ. ನಿವೊಲುಮಾಬನ್ನು ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುವುದು ರೂಢಿ. ಅವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಕೀಮೋಥೆರಪಿಯ ಮಾತ್ರೆಗಳನ್ನಷ್ಟೇ ನುಂಗಿದವರಲ್ಲಿ ಒಂದು ವರ್ಷ ಬದುಕಿದವರು ಶೇ 16. ಜೊತೆಗೆ ಆ ಚಿಟಿಕೆ ಔಷಧವನ್ನೂ ಪಡೆದವರಲ್ಲಿ ಶೇ 43. ಪೂರ್ಣ ಪ್ರಮಾಣದ ಜೊತೆ ಇದನ್ನು ಹೋಲಿಸಿಲ್ಲ, ನಿಜ. ಆದರೆ ಕಾರಣ ಮೊದಲೇ ಗೊತ್ತಿತ್ತು: ಕಡಿಮೆ ಪ್ರಮಾಣ ಪಡೆದ ರೋಗಿಗಳಲ್ಲೂ ಈ ಪ್ರತಿಕಾಯ ಟಿ ಕೋಶಗಳನ್ನು ಎರಡು ತಿಂಗಳಿಗೂ ಮೀರಿ ಹಿಡಿದಿರುತ್ತದೆ ಎಂದು 2010ರಲ್ಲೇ ಪ್ರಕಟವಾಗಿತ್ತು.

ಅನುಮತಿ ಸಿಕ್ಕ ಔಷಧದ ಪ್ರಮಾಣ ಇಳಿಸಿ ನೋಡಲು ಕಂಪನಿಗಳಿಗೆ ಆಮೇಲೆ ಹೆಚ್ಚಿನ ಆಸಕ್ತಿ ಉಳಿಯುವುದಿಲ್ಲ. ಹಾಗಾಗಿ ಆ ಪ್ರಶ್ನೆ ಮೊದಲ ಹಂತದಲ್ಲೇ, ನಮ್ಮಂಥವರ ಮೇಜಿನ ಮೇಲೆಯೇ ಏಳಬೇಕು. ಹೊಸ ಪ್ರತಿಕಾಯದ ಪ್ರಯೋಗ ಯೋಜಿಸುವಾಗ, ಯಾರೂ ಕೇಳದಿದ್ದರೂ, ಪಟ್ಟಿಯ ತಳಕ್ಕೆ ಇನ್ನೂ ಎರಡು ಕಡಿಮೆ ಪ್ರಮಾಣಗಳನ್ನು ಸೇರಿಸುತ್ತೇನೆ. ಸಭೆಯಲ್ಲಿ ಅವು ಏಕೆ ಎಂದು ಕೇಳುತ್ತಾರೆ. ಆಗ ನಾನು ಮುಂಬೈನ ಆ ಪ್ರಬಂಧವನ್ನು ತೆರೆದು ತೋರಿಸುತ್ತೇನೆ.